ಬೀಗ ಹಾಕಿದ ಮನೇಲಿ ಎಷ್ಟು ಜನ?

ಸಂಕ್ರಾಂತಿ ಆಗಿ ಎರಡನೇ ದಿನ. ನಮ್ಮ ಹೊಲದಲ್ಲಿ ಮೆಕ್ಕೆಜೋಳ ಮುರಿದು, ಅದಾದ ಮೇಲೆ ಕಡೇ ಕೊಯ್ಲಿನ ಅಡಿಕೆ ಸುಲಿದು ಕೊಟ್ಟ ಹನ್ನೊಂದು ಜನರ ಗುಂಪನ್ನ ಅವರ ಊರಿಗೆ ಬಿಡೋಕೆ ನಾನೇ ಗಾಡಿ ಹೊಡ್ಕೊಂಡು ಹೋದೆ. ಬೇರೆ ವರ್ಷ ಬಸ್ ಚಾರ್ಜ್ ಕೊಟ್ಟು ಕಳಿಸ್ತಿದ್ದೆ. ಈ ಸಲ ಗುಂಪಿನಲ್ಲಿ ಒಬ್ಬ ಹೆಣ್ಮಗಳಿಗೆ ಕೈಗೂಸಿತ್ತು. ಜೊತೆಗೆ ನಾಲ್ಕು ಚೀಲ ಕಾಳು, ಪಾತ್ರೆ, ಹಾಸಿಗೆ ಎಲ್ಲ ಇತ್ತು. ಹಂಗಾಗಿ ಹೊರಟೆ. ನ್ಯಾಮತಿ, ಹೊನ್ನಾಳಿ, ದಾವಣಗೆರೆ, ಅಲ್ಲಿಂದ ಅಣಜಿ, ಬಿಳಿಚೋಡು ಕಡೆ ಹಾದು ಜಗಳೂರು ತಾಲ್ಲೂಕು. ನೂರು ಕಿಲೋಮೀಟರ್ ಮೇಲೆ ಚಿಲ್ಲರೆ ದಾರಿ.

ದಾವಣಗೆರೆವರೆಗೂ ಕಣ್ಣಿಗೆ ಹಸಿರೇ. ಭದ್ರಾ ನೀರು ಬಂದಿತ್ತು, ಬೇಸಿಗೆ ಭತ್ತದ ನಾಟಿ ನಡೀತಿತ್ತು, ಗದ್ದೆ ಬದುವಿನವರೆಗೂ ಅಡಿಕೆ. ದಾವಣಗೆರೆ ದಾಟಿ ನಾಲೆ ಬಿಟ್ಟ ಮೇಲೆ ನಿಧಾನಕ್ಕೆ ಬಣ್ಣ ಬದಲಾಗುತ್ತೆ. ಮೆಕ್ಕೆಜೋಳದ ಒಣ ದಂಟು, ಆಮೇಲೆ ಬರೀ ಉಳುಮೆ ಮಾಡಿಟ್ಟ ಕೆಂಪು ನೆಲ, ಆಮೇಲೆ ಜಾಲಿ, ಕಲ್ಲುಗುಡ್ಡ, ಆ ಗುಡ್ಡದ ಮೇಲೆ ಗಾಳಿ ಫ್ಯಾನು. ಅಲ್ಲೊಂದು ಇಲ್ಲೊಂದು ಬೋರ್ ಬಿದ್ದ ಕಡೆ ಅಡಿಕೆ ಸಸಿ ಕಾಣ್ತಾವೆ, ಸುತ್ತ ಬಯಲು.

ಊರು ಒಂದು ಹಟ್ಟಿ. ಹೆಸರು ಬರೆಯೋದಿಲ್ಲ, ಅವರಿಗೆ ನನ್ನಿಂದ ಮುಜುಗರ ಬೇಡ. ನಾವು ಹೋದಾಗ ಮಧ್ಯಾಹ್ನ ಮೂರು ಗಂಟೆ. ಊರೊಳಗೆ ಸದ್ದಿಲ್ಲ. ಒಬ್ಬ ಅಜ್ಜ ಕಟ್ಟೆ ಮೇಲಿದ್ದೋನು ಎದ್ದು ಒಳಗೆ ಹೋಗಿ ಬೀಗದ ಕೈ ಗೊಂಚಲು ತಂದ. ಒಂದೊಂದು ಕೈಗೂ ಒಂದೊಂದು ಬಣ್ಣದ ಬಟ್ಟೆ ಚೂರು ಕಟ್ಟಿದ್ದ. ಹಸಿರು ಇವರ ಮನೇದು, ಹಳದಿ ಅವರ ಮನೇದು ಅಂತ ತೆಗೆದು ಕೊಟ್ಟ. ನಾನು ಸುಮ್ನೆ ಕೇಳಿದೆ, "ಎಷ್ಟು ಮನೆ ಅಜ್ಜ?" ಅಂತ. "ಅರವತ್ತೊಂದು ಬಾಗಿಲು ಕಣಪ್ಪ. ಮೂವತ್ತೆಂಟಕ್ಕೆ ಬೀಗ. ಇವತ್ತು ಎರಡು ತಗದ್ವು, ನಾಳಿದ್ದು ಮತ್ತೆ ಹಾಕ್ತಾರೆ."

ನಾಳಿದ್ದು ಯಾಕೆ ಅಂದ್ರೆ, ನಮ್ಮ ಕೆಲಸ ಮುಗಿಸಿ ಬಂದೋರು ಎರಡು ರಾತ್ರಿ ಮಲಗಿ, ಕಾಳು ಇಟ್ಟು, ಮಕ್ಕಳನ್ನ ಮುದುಕರ ಹತ್ರ ಬಿಟ್ಟು, ಚಿಕ್ಕಮಗಳೂರು ಕಡೆ ಕಾಫಿ ಕೊಯ್ಲಿಗೆ ಹೊರಡ್ತಾರೆ. ಬೇರೆ ಮನೆಯೋರು ಆಗಲೇ ಹೋಗ್ಯಾರೆ. ಕೆಲವರು ಬೆಂಗಳೂರು ಕಟ್ಟಡ ಕೆಲಸಕ್ಕೆ, ಕೆಲವರು ಕಬ್ಬು ಕಡಿಯೋಕೆ. ಮತ್ತೆ ಊರು ತುಂಬೋದು ಯುಗಾದಿಗೆ ಸ್ವಲ್ಪ, ಮುಂಗಾರು ಬಿದ್ದ ಮೇಲೆ ಪೂರ್ತಿ.

ಅವತ್ತು ವಾಪಸ್ ಬರೋವಾಗ ದಾರಿಯುದ್ದಕ್ಕೂ ಒಂದೇ ಯೋಚನೆ. ಬರೋ ವರ್ಷ ಫೆಬ್ರವರಿ ತಿಂಗಳಲ್ಲಿ ದೇಶದ ಜನಗಣತಿ. ಆ ಹಟ್ಟಿಗೆ ಲೆಕ್ಕ ಬರ್ಕೊಳ್ಳೋರು ಬಂದಾಗ ಏನು ಬರ್ಕೊಳ್ತಾರೆ? ಬೀಗ ಬರ್ಕೊಳ್ತಾರೋ, ಜನ ಬರ್ಕೊಳ್ತಾರೋ?

ಇದು ನಮಗ್ಯಾಕೆ ಅಂತ ಕೇಳಬೇಡಿ. ಅದನ್ನೇ ಹೇಳೋಕೆ ಹೊರಟಿದೀನಿ, ಸ್ವಲ್ಪ ಉದ್ದ ಆಗುತ್ತೆ.

ಮೊದಲು ನೆಲದ ಮಾತು. ನಮ್ಮ ತಾಲ್ಲೂಕು, ಹೊನ್ನಾಳಿ, ಚನ್ನಗಿರಿ ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ಜಗಳೂರು ಚಿತ್ರದುರ್ಗದಲ್ಲಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಎರಡನ್ನೂ ಒಂದೇ ಕಣಕ್ಕೆ ಹಾಕಿದ್ರು. ಕಾಗದದಲ್ಲಿ ಒಂದೇ ಜಿಲ್ಲೆ. ಮೋಡದ ಲೆಕ್ಕದಲ್ಲಿ ಬೇರೆ ಬೇರೆ ರಾಜ್ಯ ಅನ್ನಬೇಕು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟೋ ಮಳೆ. ಅಲ್ಲಿಂದ ಜಗಳೂರಿಗೆ ನೇರ ಗೆರೆ ಎಳೆದ್ರೆ 200 ಕಿಲೋಮೀಟರೂ ಇಲ್ಲ, ಅಷ್ಟರಲ್ಲಿ ಮಳೆ 500ರ ಆಸುಪಾಸಿಗೆ ಬಂದು ನಿಲ್ಲುತ್ತೆ. ಘಟ್ಟ ಹತ್ತಿ ಬಂದ ಮೋಡ ಮಲೆನಾಡಲ್ಲೇ ಖಾಲಿ ಆಗುತ್ತೆ, ನಮಗೆ ಉಳಿದದ್ದು, ಅವರಿಗೆ ಉಳಿದದ್ದರಲ್ಲಿ ಉಳಿದದ್ದು. ಗುಡ್ಡದ ಕಡೆ ಕುರುಚಲು ಕಾಡು. ರಂಗಯ್ಯನದುರ್ಗದ ಕಾಡನ್ನ 2011ರಲ್ಲಿ ಕೊಂಡುಕುರಿ ವನ್ಯಧಾಮ ಅಂತ ಮಾಡಿದ್ರು. ನಾಲ್ಕು ಕೊಂಬಿನ ಆ ಪ್ರಾಣಿಗೆ ಒಣಕಾಡೇ ಬೇಕು.

"ಜಗಳೂರೇನು ಮರುಭೂಮಿನಾ?" ಅಂತ ನಗಬೇಡಿ. ಕೇಂದ್ರ ಸರ್ಕಾರದ ಮರುಭೂಮಿ ಅಭಿವೃದ್ಧಿ ಕಾರ್ಯಕ್ರಮ ಅಂತ ಒಂದಿತ್ತು, 1977-78ರಲ್ಲಿ ಶುರುವಾಗಿದ್ದು. ಮೊದಲು ರಾಜಸ್ಥಾನ, ಗುಜರಾತ್, ಹರಿಯಾಣ, ಹಿಮಾಲಯದ ಶೀತ ಮರುಭೂಮಿಗೆ ಇತ್ತು. 1995-96ರಿಂದ ಕರ್ನಾಟಕದ್ದೂ ಸೇರಿತು. ವಿಜಯಪುರ, ಬಾಗಲಕೋಟೆ, ರಾಯಚೂರು, ಕೊಪ್ಪಳ, ಬಳ್ಳಾರಿ, ಜೊತೆಗೆ ನಮ್ಮ ದಾವಣಗೆರೆ ಜಿಲ್ಲೆ ಹೆಸರು ಆ ಪಟ್ಟಿಯಲ್ಲಿತ್ತು. ಇಡೀ ಜಿಲ್ಲೆ ಅಲ್ಲ, ಜಿಲ್ಲೆಯ ಒಣ ಭಾಗ. ನಮ್ಮ ಕಡೆಯದ್ದಕ್ಕೆ ಅವರು ಕೊಟ್ಟ ವಿವರಣೆ ಏನು ಅಂದ್ರೆ ಮರಳಿಲ್ಲದ ಬಿಸಿ ಒಣ ಪ್ರದೇಶ. ಮರಳೇ ಇಲ್ಲದ ಮರುಭೂಮಿ. ಮರಳು ಗುಡ್ಡೆ, ಒಂಟೆ ಕಾಣದೇ ಇದ್ರೆ ನಾವು ಯಾರೂ ಅದನ್ನ ಮರುಭೂಮಿ ಅನ್ನಲ್ಲ, ಆದ್ರೆ ಅಜ್ಜನ ಹಟ್ಟಿಯಲ್ಲಿ ಬೇಸಿಗೇಲಿ ಒಂದು ಕೊಡ ನೀರಿಗೆ ನಿಲ್ಲೋರಿಗೆ ಹೆಸರಿಂದ ಏನಾಗಬೇಕು?

ನಿಜವಾದ ಮರುಭೂಮಿ ಜೊತೆ ಹೋಲಿಸಿ ನೋಡಿ. ರಾಜಸ್ಥಾನದ ಜೈಸಲ್ಮೇರ್ ಜಿಲ್ಲೆಯಲ್ಲಿ ವರ್ಷಕ್ಕೆ 200 ಮಿಲಿಮೀಟರಿಗಿಂತ ಕಮ್ಮಿ ಮಳೆ. ಅಲ್ಲಿ 2011ರ ಜನಗಣತಿ ಪ್ರಕಾರ ಒಂದು ಚದರ ಕಿಲೋಮೀಟರಿಗೆ 17 ಜನ. ನಮ್ಮ ಜಗಳೂರು ತಾಲ್ಲೂಕಿನಲ್ಲಿ ಅದೇ ಲೆಕ್ಕದಲ್ಲಿ ಸುಮಾರು 1.7 ಲಕ್ಷ ಜನ, ಚದರ ಕಿಲೋಮೀಟರಿಗೆ ಹತ್ತಿರ ಹತ್ತಿರ 180. ಅಂದ್ರೆ ಮಳೆ ಎರಡೂವರೆ ಮೂರು ಪಟ್ಟು ಇರಬಹುದು, ಜನ ಹತ್ತು ಪಟ್ಟು. ತಲೆಗೆ ಹಂಚಿದ್ರೆ ಜೈಸಲ್ಮೇರಿನವನಿಗೇ ಹೆಚ್ಚು ಮಳೆ ಬಿತ್ತು. ಅಲ್ಲಿನವರು ಬಿದ್ದ ಹನಿನ ಟಾಂಕಾ ಅನ್ನೋ ನೆಲದೊಳಗಿನ ತೊಟ್ಟಿಯಲ್ಲಿ ಕೂಡಿಡ್ತಾರೆ, ದೂರ ದೂರ ಮನೆ ಕಟ್ಕೊಂಡು ಇರ್ತಾರೆ. ನೆಲ ಎಷ್ಟು ಜನರನ್ನ ಹೊರುತ್ತೋ ಅಷ್ಟೇ ಜನ. ನಮ್ಮ ಒಣಸೀಮೆ ಹಾಗಲ್ಲ. ಮುಂಗಾರು ಚೆನ್ನಾಗಿದ್ದ ವರ್ಷ ಎಲ್ಲರನ್ನೂ ಹೊರುತ್ತೆ, ಸುಗ್ಗಿ ಮುಗಿದ ಮೇಲೆ ಅರ್ಧ ಜನರನ್ನ ಹೊರಗೆ ಕಳಿಸುತ್ತೆ.

ಹಟ್ಟಿಗಳು ಎಲ್ಲಿ ಕೂತಿವೆ ನೋಡಿದ್ರೂ ಇದು ಗೊತ್ತಾಗುತ್ತೆ. ಮ್ಯಾಸನಾಯಕರು, ಕಾಡುಗೊಲ್ಲರು ದನ ಕುರಿ ಕಟ್ಕೊಂಡು ಬದುಕಿದೋರು. ಹಳ್ಳದ ಪಕ್ಕ, ಗುಡ್ಡದ ಬುಡ, ಮೇವು ಸಿಗೋ ಕಡೆ, ಒಂದು ಬಾವಿ ಎಷ್ಟು ಮನೆಗೆ ಸಾಕೋ ಅಷ್ಟು ಮನೆ. ಊರು ಬೆಳೆದ್ರೆ ಒಂದಿಷ್ಟು ಜನ ಎದ್ದು ಹೋಗಿ ಇನ್ನೊಂದು ಹಟ್ಟಿ. ದನ ಎಲ್ಲಿ ಹೋಗುತ್ತೋ ಜನವೂ ಹೋಗಿ ಮತ್ತೆ ಬರೋರು. ಅವತ್ತು ದನದ ಹಿಂದೆ ಹೋಗ್ತಿದ್ರು, ಇವತ್ತು ಮೇಸ್ತ್ರಿಯ ಹಿಂದೆ ಹೋಗ್ತಾರೆ. ಊರು ಬಿಟ್ಟು ಓಡಿ ಹೋಗೋದು ಬೇರೆ, ಹೋಗಿ ಬರೋದು ಬೇರೆ. ನಾವು ಎರಡನ್ನೂ "ಗುಳೆ" ಅಂತ ಒಂದೇ ಮಾತಲ್ಲಿ ಮುಗಿಸಿಬಿಡ್ತೀವಿ.

ಈಗ ಲೆಕ್ಕದ ಮಾತಿಗೆ ಬರ್ತೀನಿ. 2021ರಲ್ಲಿ ಆಗಬೇಕಿದ್ದ ಜನಗಣತಿ ಆಗಲಿಲ್ಲ. ಹೋದ ವರ್ಷ ಜೂನ್ 16ಕ್ಕೆ ಹೊಸ ಅಧಿಸೂಚನೆ ಬಂತು. ಈ ವರ್ಷ ಏಪ್ರಿಲ್‌ನಿಂದ ಸೆಪ್ಟೆಂಬರ್ ಒಳಗೆ ಮನೆಪಟ್ಟಿ, 2027ರ ಫೆಬ್ರವರಿಯಲ್ಲಿ ತಲೆ ಎಣಿಕೆ, 2027ರ ಮಾರ್ಚ್ 1ರ ಶೂನ್ಯ ಗಂಟೆಗೆ ಲೆಕ್ಕ ನಿಲ್ಲುತ್ತೆ. ಊರು, ತಾಲ್ಲೂಕು ಗಡಿಗೆಲ್ಲ ಮೊನ್ನೆ ಡಿಸೆಂಬರ್ 31ಕ್ಕೇ ಬೀಗ ಬಿತ್ತು. ಇನ್ನು ಯಾವ ಹಟ್ಟಿ, ಯಾವ ತಾಂಡಾ ಕಂದಾಯ ಗ್ರಾಮ ಆದ್ರೂ ಈ ಜನಗಣತಿಗೆ ಲೆಕ್ಕಕ್ಕಿಲ್ಲ. ಹಳ್ಳಿ ಕಡೆ ಜನಗಣತಿ ನೋಡೋದು ಕಂದಾಯ ಗ್ರಾಮ. ಅದರೊಳಗಿನ ಹಟ್ಟಿ, ತಾಂಡಾಗೆ ಬೇರೆ ಸಾಲು ಇರಲ್ಲ. ಅಜ್ಜನ ಅರವತ್ತೊಂದು ಬಾಗಿಲು ದೊಡ್ಡೂರಿನ ಅಂಕಿಯೊಳಗೆ ಕರಗಿ ಹೋಗುತ್ತೆ.

ಎಣಿಸೋ ನಿಯಮ ಏನು? 2011ರಲ್ಲಿ ಫೆಬ್ರವರಿ 9ರಿಂದ 28ರವರೆಗೆ ಎಣಿಸಿದ್ರು. ಆ ಇಪ್ಪತ್ತು ದಿನದಲ್ಲಿ ಒಂದು ದಿನವಾದ್ರೂ ಊರಲ್ಲಿ ಇದ್ದೋನು ಊರ ಲೆಕ್ಕಕ್ಕೆ. ಇಪ್ಪತ್ತೂ ದಿನ ಊರಲ್ಲಿಲ್ಲ ಅಂದ್ರೆ ಅವನನ್ನ ಊರಲ್ಲಿ ಬರ್ಕೊಳ್ಳಲ್ಲ, ಎಲ್ಲಿ ಸಿಕ್ಕನೋ ಅಲ್ಲಿ ಬರ್ಕೋಬೇಕು. ನಿಯಮದಲ್ಲಿ ಮೋಸ ಇಲ್ಲ. ಒಬ್ಬನನ್ನ ಎರಡು ಸಲ ಎಣಿಸಬಾರದು ಅಂತ ಮಾಡಿದ್ದು. ಆದ್ರೆ ತಿಂಗಳು ನೋಡಿ. ಫೆಬ್ರವರಿ! ಕಾಫಿ ಕೊಯ್ಲು, ಕಬ್ಬು ಕಡಿಯೋದು, ಬೆಂಗಳೂರಿನ ಕಟ್ಟಡ, ಎಲ್ಲ ಕೆಲಸ ಜೋರಾಗಿ ನಡೆಯೋ ತಿಂಗಳು. ಒಣಸೀಮೆ ಹಳ್ಳಿ ವರ್ಷದಲ್ಲೇ ಅತಿ ಖಾಲಿ ಇರೋ ತಿಂಗಳು. ನೀರಾವರಿ ಊರಿಗೆ ಇದೇ ತಿಂಗಳು ಜನ ತುಂಬಿರೋ ತಿಂಗಳು. ನಮ್ಮ ಮೆಕ್ಕೆಜೋಳದ ರಾಶಿನ ಅಳೆಯೋಕೆ ಆಗಸ್ಟ್‌ನಲ್ಲಿ ಬಂದ್ರೆ ಹೆಂಗಿರುತ್ತೆ? ಕಣ ಖಾಲಿ ಐತೆ, ಬೆಳೆ ಇಲ್ಲ ಅಂತ ಬರ್ಕೊಂಡು ಹೋಗ್ತಾರೆ. ಹಂಗೇ ಇದು.

ಒಂದು ಕುರಿ ಮಾತು ಹೇಳ್ತೀನಿ. 2024ರ ಅಕ್ಟೋಬರ್‌ನಲ್ಲಿ ಶುರುವಾದ 21ನೇ ಜಾನುವಾರು ಗಣತಿಯಲ್ಲಿ ಮೊದಲ ಸಲ ಅಲೆಮಾರಿ ಮಂದೆಗಳ ಲೆಕ್ಕ ಪ್ರತ್ಯೇಕ ತಗೊಂಡ್ರು. ಊರು ಬಿಟ್ಟು ಮೇಯೋಕೆ ಹೋದ ಕುರಿನೂ ತಪ್ಪಿಹೋಗಬಾರದು ಅಂತ. ಒಳ್ಳೇ ಕೆಲಸ. ಕುರಿಗೆ ಸಿಕ್ಕ ಆ ಗಮನ ಕುರಿ ಕಾಯೋನ ತಮ್ಮನಿಗೂ ಸಿಗಬೇಕು ಅಲ್ವಾ?

ಅಂಕಿ ಕಮ್ಮಿ ಆದ್ರೆ ಏನಾಗುತ್ತೆ? ನಮ್ಮ ಪಂಚಾಯತ್ ರಾಜ್ ಕಾಯ್ದೆಯಲ್ಲಿ 400 ಜನಸಂಖ್ಯೆಗೆ ಒಬ್ಬ ಗ್ರಾಮ ಪಂಚಾಯ್ತಿ ಸದಸ್ಯ. ಅಂಗನವಾಡಿಗೆ 400ರಿಂದ 800 ಜನ ಇರಬೇಕು, ಅದಕ್ಕಿಂತ ಕಮ್ಮಿ ಇದ್ರೆ ಮಿನಿ ಅಂಗನವಾಡಿ, ಅದಕ್ಕೂ 150 ದಾಟಬೇಕು. ಆಶಾ ಕಾರ್ಯಕರ್ತೆ ಸಾವಿರ ಜನಕ್ಕೆ ಒಬ್ಬರು. 15ನೇ ಹಣಕಾಸು ಆಯೋಗ ಪಂಚಾಯ್ತಿಗಳ ದುಡ್ಡನ್ನ ರಾಜ್ಯ ರಾಜ್ಯಕ್ಕೆ ಹಂಚಿದ್ದು ನೂರಕ್ಕೆ 90 ಪಾಲು ಜನಸಂಖ್ಯೆ ನೋಡಿ, ನೆಲ ನೋಡಿದ್ದು 10 ಪಾಲು. ಎಲ್ಲ ಕಡೆ ತಲೆ ಎಣಿಕೆಯೇ. ಮರುಭೂಮಿ ಪಟ್ಟಿಯಲ್ಲಿದ್ದ ಊರಿಗೆ ಒಂದಿಷ್ಟು ರಿಯಾಯ್ತಿ ಇತ್ತು. 2000ದಲ್ಲಿ ಶುರುವಾದ ಗ್ರಾಮ ಸಡಕ್ ಯೋಜನೆಯಲ್ಲಿ ಬಯಲುಸೀಮೆ ಊರಿಗೆ ರಸ್ತೆ ಬೇಕು ಅಂದ್ರೆ 500 ಜನ ಇರಬೇಕು, ಮರುಭೂಮಿ ಪ್ರದೇಶಕ್ಕೆ 250 ಸಾಕು. ಕುಡಿಯೋ ನೀರಿನ ಹಳೇ ಯೋಜನೆಯಲ್ಲಿ ತಲೆಗೆ ದಿನಕ್ಕೆ 40 ಲೀಟರ್, ಮರುಭೂಮಿ ಪಟ್ಟಿಯ ಊರಿಗೆ ಅದರ ಮೇಲೆ ದನಕ್ಕೆ 30 ಲೀಟರ್ ಸೇರಿಸ್ತಿದ್ರು. ದನವೂ ಊರಿನ ಜನಸಂಖ್ಯೆಯೇ ಅಂತ ಯಾರೋ ತಿಳಿದೋರು ಬರೆದಿದ್ದು ಅದು. ಆ ಕಾರ್ಯಕ್ರಮ 2009-10ರಲ್ಲಿ ಜಲಾನಯನ ಯೋಜನೆಯೊಳಗೆ ಸೇರಿಹೋಯ್ತು.

ಅಜ್ಜನ ಹಟ್ಟಿಗೇ ಬನ್ನಿ. ಜೂನ್ ತಿಂಗಳಲ್ಲಿ ಅಲ್ಲಿ ಮುನ್ನೂರಿಪ್ಪತ್ತು ಮುನ್ನೂರಮೂವತ್ತು ಜನ ಅಂತ ಅಜ್ಜನೇ ಮನೆ ಮನೆ ಹೆಸರು ಹೇಳಿ ಲೆಕ್ಕ ಕೊಟ್ಟ. ನಾವು ಹೋದ ದಿನ, ನಮ್ಮ ಹನ್ನೊಂದು ಜನರನ್ನ ಬಿಟ್ರೆ, ನೂರಿಪ್ಪತ್ತು ಇರಬಹುದು. ಬಹುಪಾಲು ಮುದುಕರು, ಮಕ್ಕಳು. ಮುನ್ನೂರಮೂವತ್ತು ಅಂದ್ರೆ ಮಿನಿ ಅಂಗನವಾಡಿ ಕೇಳೋ ಹಕ್ಕಿದೆ, ಪಂಚಾಯ್ತೀಲಿ ಒಂದು ಸೀಟಿನ ಹತ್ರ ಬರ್ತಾರೆ. ನೂರಿಪ್ಪತ್ತು ಅಂದ್ರೆ ಏನೂ ಇಲ್ಲ. ಊರು ಅದೇ, ನೆಲ ಅದೇ, ತಿಂಗಳು ಮಾತ್ರ ಬೇರೆ. ಸೌಕರ್ಯ ಇಲ್ಲದ್ದಕ್ಕೆ ಜನ ಹೋಗ್ತಾರೆ, ಜನ ಹೋದ್ರು ಅಂತ ಸೌಕರ್ಯ ಕೊಡಲ್ಲ. ಹಿಂಗೆ ಎರಡು ಮೂರು ಜನಗಣತಿ ಆದ್ರೆ ಹೋಗಿ ಬರೋ ಊರು ಹೋಗಿಯೇ ಬಿಡೋ ಊರಾಗುತ್ತೆ.

ಜನಗಣತಿ ಅಂದ್ರೆ ಬರೀ ಸರ್ಕಾರಿ ಶಾಸ್ತ್ರ ಅಂದ್ಕೋಬೇಡಿ. ಧಾತು ಸಂವತ್ಸರದ ಬರ ಅಂತ ನಮ್ಮ ಹಿರಿಯರು ಹೇಳ್ತಿದ್ರಲ್ಲ, 1876ರಿಂದ 78ರವರೆಗೆ. ಮೈಸೂರು ಸೀಮೆಯ 1871ರ ಗಣತಿಯಲ್ಲಿ 50.5 ಲಕ್ಷ ಜನ. 1881ರ ಗಣತಿಯಲ್ಲಿ 41.8 ಲಕ್ಷ. ಬೆಳೆಯಬೇಕಾದ ಜನ ಎಂಟೂವರೆ ಲಕ್ಷಕ್ಕಿಂತ ಹೆಚ್ಚು ಕಮ್ಮಿ ಆದ್ರು. ಜಗಳೂರು ಸೀಮೆ ಆಗ ಮೈಸೂರಿನ ಚಿತ್ರದುರ್ಗಕ್ಕೆ ಸೇರಿತ್ತು. ಎರಡು ಗಣತಿ ಅಕ್ಕಪಕ್ಕ ಇಟ್ಟ ಮೇಲೆ ಬರ ಎಷ್ಟು ಜನರನ್ನ ನುಂಗಿತು ಅನ್ನೋದನ್ನ ಯಾರೂ ಮುಚ್ಚಿಡೋಕೆ ಆಗಲಿಲ್ಲ. ಲೆಕ್ಕಕ್ಕೆ ಅಷ್ಟು ಶಕ್ತಿ ಇದೆ. ಲೆಕ್ಕಕ್ಕೆ ಸಿಗದೋನ ಕಷ್ಟಕ್ಕೆ ಸಾಕ್ಷಿಯೇ ಇರಲ್ಲ.

ಈಗ ನನ್ನ ತಪ್ಪು ಹೇಳ್ತೀನಿ. ಇದನ್ನ ಬರೆಯೋಕೆ ಕೂತಿದ್ದೇ ಅದಕ್ಕೆ.

2011ರ ಫೆಬ್ರವರಿ. ಗಣತಿಗೆ ಬಂದ ಮೇಷ್ಟ್ರು ಬಿಸಿಲಲ್ಲಿ ಸೈಕಲ್ ತಳ್ಕೊಂಡು ನಮ್ಮ ತೋಟದವರೆಗೂ ಬಂದಿದ್ರು. ಪಂಪ್‌ಹೌಸ್ ಪಕ್ಕದ ಶೆಡ್ಡಿನಲ್ಲಿ ಆವಾಗ ಒಂಬತ್ತು ಜನ ಒಣಸೀಮೆಯೋರು ಇದ್ರು, ಹೊಸ ತೋಟಕ್ಕೆ ಗುಂಡಿ ತೆಗೆಯೋಕೆ ಬಂದೋರು. ಮೇಷ್ಟ್ರು ಕೇಳಿದ್ರು, "ಇವರನ್ನ ಎಲ್ಲಿ ಬರ್ಕೊಂಡಿದಾರೆ?" ನಾನು ಅಂದೆ, "ಅವರು ನಮ್ಮೂರೋರಲ್ಲ ಸಾರ್, ಅವರೂರಲ್ಲಿ ಬರ್ಕೊಂಡಿರ್ತಾರೆ, ಬಿಡಿ." ಯಾಕಂದೆ? ಕೂಲಿ ಎಷ್ಟು, ಎಷ್ಟು ದಿನದಿಂದ ಇದಾರೆ, ಶೆಡ್ಡಿಗೆ ಕರೆಂಟ್ ಎಲ್ಲಿಂದ ಅಂತ ಮುಂದೆ ಪ್ರಶ್ನೆ ಬರಬಹುದು ಅಂತ ಒಂದು ಅಂಜಿಕೆ. ಮೇಷ್ಟ್ರು ಪಾಪ, ನನ್ನ ಮಾತು ನಂಬಿದ್ರು. ಆ ಒಂಬತ್ತು ಜನ ಜನವರಿಯಿಂದ ಮಾರ್ಚ್‌ವರೆಗೆ ನಮ್ಮಲ್ಲೇ ಇದ್ರು, ಒಂದು ದಿನವೂ ಊರಿಗೆ ಹೋಗಿರಲಿಲ್ಲ. ಅವರೂರಲ್ಲಿ ನಿಯಮದ ಪ್ರಕಾರ ಬರ್ಕೊಂಡಿಲ್ಲ. ನಮ್ಮೂರಲ್ಲಿ ನಾನು ಬರೆಸಲಿಲ್ಲ. 6.11 ಕೋಟಿ ಅಂತ ಕರ್ನಾಟಕದ ಲೆಕ್ಕ ಬಂತಲ್ಲ, ಅದರಲ್ಲಿ ಆ ಒಂಬತ್ತು ಜನ ಇಲ್ಲ. ಅವರು ತೆಗೆದ ಗುಂಡಿಯ ಅಡಿಕೆ ಗಿಡ ಇವತ್ತು ನನ್ನ ಮಗಳ ಓದಿನ ಖರ್ಚು ಕೊಡ್ತಿದೆ.

ಹದಿನೈದು ವರ್ಷ ಇದು ತಪ್ಪು ಅಂತಲೂ ನನಗೆ ಹೊಳೆದಿರಲಿಲ್ಲ. ಅಜ್ಜನ ಕೈಯಲ್ಲಿ ಬೀಗದ ಕೈ ನೋಡಿದ ಮೇಲೆ ನೆನಪಾಯ್ತು.

ಇದನ್ನ ಮೊನ್ನೆ ಸೊಸೈಟಿ ಹತ್ರ ನಾಲ್ಕು ಜನರ ಮುಂದೆ ಹೇಳಿದೆ. ಮೂರು ಮಾತು ಬಂದವು.

ಒಂದು: "ಎಲ್ಲಿದಾರೋ ಅಲ್ಲಿ ಬರ್ಕೊಂಡ್ರೆ ಆಯ್ತಪ್ಪ, ಅಲ್ಲೇ ತಾನೆ ನೀರು ಕುಡಿಯೋದು?" ಕಾಫಿ ತೋಟದ ಲೈನ್ ಮನೆಯಲ್ಲಿ ಎರಡು ತಿಂಗಳು ಇರ್ತಾರೆ, ಊರಲ್ಲಿ ಏಳೆಂಟು ತಿಂಗಳು. ರೇಷನ್ ಕಾರ್ಡ್ ಊರಲ್ಲಿ, ವೋಟು ಊರಲ್ಲಿ, ಮಗು ಓದೋದು ಊರಲ್ಲಿ. ಎರಡು ತಿಂಗಳಿನ ಕೆಲಸದ ಜಾಗಕ್ಕೆ ಹತ್ತು ವರ್ಷದ ಲೆಕ್ಕ ಹೋಗೋದು ಯಾವ ನ್ಯಾಯ? ಅಲ್ಲಾದ್ರೂ ಬರ್ಕೊಳ್ತಾರಾ ಅಂದ್ರೆ, ನನ್ನಂಥ ಮಾಲೀಕ ಎಷ್ಟು ಜನ ಇದಾರೋ.

ಎರಡು: "ಅವರ ಜನಸಂಖ್ಯೆ ಜಾಸ್ತಿ ತೋರಿಸಿದ್ರೆ ನಮ್ಮ ನೀರು ಕೇಳ್ತಾರೆ." ಇದು ಒಳಗಿನ ನಿಜವಾದ ಭಯ, ಮುಚ್ಚಿಡೋದು ಬೇಡ. ಹರಿಹರದ ಹತ್ರ ದೀಟೂರಿನಿಂದ ತುಂಗಭದ್ರೆ ನೀರೆತ್ತಿ ಜಗಳೂರು ಕಡೆಯ 57 ಕೆರೆ ತುಂಬಿಸೋ ಯೋಜನೆ ಇದೆ. ಭದ್ರಾ ಮೇಲ್ದಂಡೆ ಇದೆ, ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆ ಸೇರಿ 2.25 ಲಕ್ಷ ಹೆಕ್ಟೇರಿಗೆ ಹನಿ ನೀರಾವರಿ ಅಂತ. 2023ರ ಕೇಂದ್ರ ಬಜೆಟ್‌ನಲ್ಲಿ ಅದಕ್ಕೆ 5,300 ಕೋಟಿ ಘೋಷಣೆ ಆಗಿದ್ದು ನಿಮಗೆಲ್ಲ ಗೊತ್ತು. ಭದ್ರಾ ಅಚ್ಚುಕಟ್ಟಿನ ನೆಂಟರು, ಗೆಳೆಯರು ನಮಗೆಲ್ಲ ಇದಾರೆ. ಕೊನೇ ಭಾಗಕ್ಕೆ ನೀರು ಬರಲ್ಲ ಅನ್ನೋ ಅವರ ಸಂಕಟ ಸುಳ್ಳಲ್ಲ. ಆದ್ರೆ ಒಂದು ಚಿಕ್ಕ ಲೆಕ್ಕ ಮಾಡಿ ನೋಡಿ. ಜಲಜೀವನ್ ಲೆಕ್ಕದಲ್ಲಿ ಹಳ್ಳಿಯೋನಿಗೆ ದಿನಕ್ಕೆ 55 ಲೀಟರ್ ನೀರು. ಇನ್ನೂರು ಜನಕ್ಕೆ 11,000 ಲೀಟರ್. ಒಂದು ಎಕರೆ ತೋಟದಲ್ಲಿ 550 ಅಡಿಕೆ ಗಿಡ, ಬೇಸಿಗೇಲಿ ಡ್ರಿಪ್‌ನಲ್ಲಿ ಗಿಡಕ್ಕೆ ದಿನಕ್ಕೆ 20 ಲೀಟರ್. ಅದೂ 11,000 ಲೀಟರ್. ಅಂದ್ರೆ ಆ ಹಟ್ಟಿಯಿಂದ ಫೆಬ್ರವರಿ ಲೆಕ್ಕದಲ್ಲಿ ಬಿಟ್ಟುಹೋಗೋ ಇನ್ನೂರು ಜನ ಕುಡಿಯೋದು, ತೊಳೆಯೋದು, ಬೇಯಿಸೋದು ಎಲ್ಲ ಸೇರಿ ನನ್ನ ಒಂದು ಎಕರೆ ತೋಟ ಕುಡಿಯೋ ಅಷ್ಟೇ. ಡ್ರಿಪ್ ಬಿಟ್ಟು ನೀರು ಹಾಯಿಸೋರ ಲೆಕ್ಕ ನಾನು ಹೇಳಲ್ಲ. ಇಷ್ಟಕ್ಕೆ ನಾವು ಹೆದರಬೇಕಾ? ಬೆಳೆಗೆ ನೀರು ಹಂಚೋ ಜಗಳ ಬೇರೆ ಕೂತು ಆಡೋಣ. ಜನರನ್ನ ಎಣಿಸದೇ ಆ ಜಗಳ ಗೆಲ್ಲೋದು ಬೇಡ.

ಮೂರು: "ಅಂಥ ಒಣ ಊರಲ್ಲಿ ಯಾಕಿರಬೇಕು, ಬಿಟ್ಟು ಬಂದುಬಿಡಲಿ." ಇದನ್ನ ಹೇಳಿದೋನಿಗೆ ನಾನು ಕೇಳಿದೆ, "ನಿನ್ನ ಬೋರ್ ಎಷ್ಟು ಅಡಿ?" ಅಂತ. ಎಂಟುನೂರು ಅಂದ. ನಾಲ್ಕು ವರ್ಷದ ಹಿಂದೆ? ಐದುನೂರು. ತುಂಗಾ ಮೇಲ್ದಂಡೆ ನಾಲೆ ಹಾದ ಕಡೆ ಬಿಟ್ರೆ ನಮ್ಮ ತಾಲ್ಲೂಕೂ ಮಳೆ ನಂಬಿದ್ದೇ. ಮೆಕ್ಕೆಜೋಳದ ಹೊಲಕ್ಕೆಲ್ಲ ನಾವು ಅಡಿಕೆ ಇಡ್ತಾ ಇದೀವಿ. ಬೋರ್ ಕೈಕೊಟ್ಟ ವರ್ಷ ನಾವು ಯಾರ ತೋಟದ ಶೆಡ್ಡಿನಲ್ಲಿ ಇರ್ತೀವೋ? ಆಗ ಅಲ್ಲಿನ ಮಾಲೀಕ "ಇವರು ನಮ್ಮೂರೋರಲ್ಲ ಸಾರ್, ಬಿಡಿ" ಅಂದ್ರೆ?

ದೂರ ಹೋಗೋದೂ ಬೇಡ. ನಮ್ಮ ತಾಲ್ಲೂಕಿನ ತಾಂಡಾಗಳಲ್ಲೇ ಎಷ್ಟು ಮನೆಗೆ ಈಗ ಬೀಗ ಬಿದ್ದಿದೆ ನೋಡಿ ಬನ್ನಿ. ಆದ್ರೆ ತಾಂಡಾದೋರಿಗೆ ಒಂದು ಅನುಕೂಲ ಇದೆ. ಫೆಬ್ರವರಿ 15 ಸಂತ ಸೇವಾಲಾಲರ ಜಯಂತಿ. ಸೂರಗೊಂಡನಕೊಪ್ಪಕ್ಕೆ ಎಲ್ಲೆಲ್ಲಿಂದಲೋ ಲಂಬಾಣಿ ಜನ ಮಾಲೆ ಹಾಕ್ಕೊಂಡು, ನಡ್ಕೊಂಡು ಬರ್ತಾರೆ. ಕಬ್ಬಿನ ಗದ್ದೆ ಬಿಟ್ಟು ಎಷ್ಟೋ ಮನೆಯೋರು ಅವತ್ತು ಊರಿಗೆ ಬಂದು ಹೋಗ್ತಾರೆ. ಹೋದ ಸಲದ ಹಾಗೆ ದಿನ ಇಟ್ರೆ ಆ ಹಬ್ಬ ಎಣಿಕೆ ದಿನಗಳ ನಡುವೆಯೇ ಬೀಳುತ್ತೆ. ದೇವರು ಕರೆದ ನೆಪಕ್ಕೆ ಲೆಕ್ಕಕ್ಕೆ ಸಿಗ್ತಾರೆ. ಜಗಳೂರಿನ ಹಟ್ಟಿಯೋರಿಗೆ ಫೆಬ್ರವರೀಲಿ ಹಂಗೆ ಕರೆಯೋ ಹಬ್ಬ ಇಲ್ಲ. ಅವರನ್ನ ಕರೆಯಬೇಕಾದೋರು, ಕಳಿಸಬೇಕಾದೋರು ನಾವು.

ಹಂಗಾಗಿ ನನ್ನ ಮಾತು ಇಷ್ಟು.

ಬರೋ ವರ್ಷ ಫೆಬ್ರವರಿಯಲ್ಲಿ ಎಣಿಕೆ ದಿನ ಯಾವುದು, ನಿಯಮ ಏನು ಅಂತ ಪ್ರಕಟ ಆದ ತಕ್ಷಣ ನಮ್ಮ ಕೆಲಸಕ್ಕೆ ಬಂದ ಗುಂಪಿನ ಮೇಸ್ತ್ರಿಗೆ ಹೇಳಿ. ಆ ದಿನಗಳೊಳಗೆ ಎರಡು ದಿನ ರಜೆ ಕೊಟ್ಟು, ಬಸ್ ಚಾರ್ಜ್ ಕೊಟ್ಟು ಊರಿಗೆ ಕಳಿಸಿ. ಹನ್ನೊಂದು ಜನಕ್ಕೆ ಹೋಗಿ ಬರೋಕೆ ನಾವು ಒಂದು ಸಲ ತೋಟಕ್ಕೆ ಹೊಡೆಯೋ ಔಷಧಿ ಖರ್ಚಿಗಿಂತ ಕಮ್ಮಿ ಆಗುತ್ತೆ. ಹೆಣ್ಮಕ್ಕಳಿಗೆ ನಮ್ಮ ಸರ್ಕಾರಿ ಬಸ್ಸಲ್ಲಿ ಹೆಂಗೂ ಟಿಕೆಟ್ ಇಲ್ಲ.

ಕಳಿಸೋಕೆ ಆಗಲ್ಲ ಅನ್ನೋ ಹಂಗಿದ್ರೆ ನಮ್ಮ ಶೆಡ್ಡಿನಲ್ಲೇ ಬರೆಸಿ. ಮನೆಪಟ್ಟಿಗೆ ಈ ವರ್ಷ ಬಂದಾಗಲೇ ಶೆಡ್ಡು ತೋರಿಸಿ, ಇಲ್ಲಿ ಜನ ವಾಸ ಇರ್ತಾರೆ ಅಂತ ಹೇಳಿ. ಎರಡೂ ಕಡೆ ಬರೆಸೋದು ತಪ್ಪು. ಎರಡೂ ಕಡೆ ಬಿಡೋದು ಅದಕ್ಕಿಂತ ದೊಡ್ಡ ತಪ್ಪು, ನಾನು ಮಾಡಿದ್ದು ಅದೇ.

ಇನ್ನೊಂದು, ಗ್ರಾಮಸಭೆಯಲ್ಲಿ ಮಾಡಬಹುದಾದ ಕೆಲಸ. ಪ್ರತಿ ಹಟ್ಟಿ, ತಾಂಡಾದ್ದು ಜೂನ್ ಲೆಕ್ಕ ಎಷ್ಟು, ಫೆಬ್ರವರಿ ಲೆಕ್ಕ ಎಷ್ಟು ಅಂತ ಎರಡೂ ಬರೆದು ನಡಾವಳಿ ಪುಸ್ತಕಕ್ಕೆ ಸೇರಿಸಲಿ. ಅದು ಜನಗಣತಿ ಆಗಲ್ಲ, ಆದ್ರೆ ನಾಳೆ "ನಿಮ್ಮೂರಲ್ಲಿ ಜನವೇ ಇಲ್ವಲ್ಲ" ಅಂತ ಯಾರಾದ್ರೂ ಕಡತ ಮುಚ್ಚಿದ್ರೆ ತೋರಿಸೋಕೆ ಒಂದು ಕಾಗದ ಇರುತ್ತೆ. ಹೋದ ಸೆಪ್ಟೆಂಬರ್‌ನಲ್ಲಿ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಗೆ ಮೇಷ್ಟ್ರುಗಳು ಮನೆ ಮನೆ ತಿರುಗಿದ್ರಲ್ಲ, ಮೀಟರ್ ನಂಬರ್ ನೋಡಿ ಮನೆ ಗುರುತಿಸಿದ್ರಲ್ಲ, ಅಷ್ಟು ಕಷ್ಟದ ಕೆಲಸವೂ ಅಲ್ಲ ಇದು. ಹಟ್ಟೀಲಿ ಬೀಗದ ಕೈ ಇಟ್ಕೊಂಡ ಒಬ್ಬ ಅಜ್ಜ ಇದ್ರೆ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತೆ.

ಸರ್ಕಾರಕ್ಕೆ ಕೇಳೋದು ಒಂದೇ. ಒಣಸೀಮೆ ತಾಲ್ಲೂಕುಗಳಿಗೆ ಅಂಗನವಾಡಿ, ರಸ್ತೆ, ನೀರು ಲೆಕ್ಕ ಹಾಕೋವಾಗ ಫೆಬ್ರವರಿಯ ತಲೆ ಮಾತ್ರ ನೋಡಬೇಡಿ, ಮುಂಗಾರಿನ ತಲೆಯನ್ನೂ ನೋಡಿ. ಮರುಭೂಮಿಗೆ ಒಂದು ಕಾಲದಲ್ಲಿ ಕೊಟ್ಟಿದ್ದ ರಿಯಾಯ್ತಿ, ದನದ ನೀರೂ ಸೇರಿ, ವಾಪಸ್ ಕೊಡಿ.

ಅವತ್ತು ಹೊರಡೋವಾಗ ಅಜ್ಜನಿಗೆ ಹೇಳಿದೆ, ಬರೋ ವರ್ಷ ಲೆಕ್ಕ ಬರ್ಕೊಳ್ಳೋಕೆ ಬರ್ತಾರೆ, ಎಲ್ಲರ ಹೆಸರೂ ಬರೆಸಬೇಕು ಅಂತ. "ಹೆಸರೆಲ್ಲ ನಂಗೆ ಗೊತ್ತೈತೆ ಕಣಪ್ಪ, ಹುಟ್ಟಿದ್ದು ಯಾವ ಮಳೇಲಿ ಅಂತಲೂ ಹೇಳ್ತೀನಿ. ಆದ್ರೆ ಅವ್ರು ಮಕಾ ನೋಡ್ಬೇಕು ಅಂತಾರಲ್ಲ" ಅಂದ. ಅದಕ್ಕೆ ನನ್ನ ಹತ್ರ ಒಂದೇ ಉತ್ತರ ಇತ್ತು, ನಮ್ಮಲ್ಲಿರೋ ಹನ್ನೊಂದು ಮುಖ ನಾನು ಕರ್ಕೊಂಡು ಬರ್ತೀನಿ ಅಂತ. ಮಾತು ಕೊಟ್ಟು ಬಂದಿದೀನಿ.

ನಿಮ್ಮ ಶೆಡ್ಡಿನಲ್ಲಿ ಈಗ ಎಷ್ಟು ಜನ ಇದಾರೆ, ಯಾವೂರೋರು? ಹೆಸರು ಬೇಡ, ಸಂಖ್ಯೆ ಮತ್ತು ತಾಲ್ಲೂಕು ಸಾಕು, ಕೆಳಗೆ ಬರೀರಿ. ನ್ಯಾಮತಿ, ಹೊನ್ನಾಳಿ, ಚನ್ನಗಿರಿ ಮೂರು ಕಡೆಯದ್ದು ಕೂಡಿಸಿದ್ರೆ ಜಗಳೂರಿನ ಎಷ್ಟು ಹಟ್ಟಿ ನಮ್ಮ ತೋಟದಲ್ಲಿದೆ ಅಂತ ಗೊತ್ತಾಗುತ್ತೆ.